ಕಾಣದ ಗಿರಾಕಿಗೆ ರೊಟ್ಟಿ ಮಾರುವ ಬಗೆ

ಮಠದ ಪಾಠಶಾಲೆಯಲ್ಲಿ ವ್ಯಾಕರಣ, ಅಲಂಕಾರಗಳನ್ನು ಓದಿ ಬೆಳೆದ ನನ್ನಂಥವನು ವ್ಯಾಪಾರದ ವಿಷಯವಾಗಿ ಬರೆಯಹೊರಟಿರುವುದನ್ನು ಕಂಡು ವಾಚಕ ಬಂಧುಗಳು ನಗಬಹುದು. ನಗಲಿ. ಕಳೆದ ಒಂದೂವರೆ ವರುಷದಿಂದ ನನಗೆ ಈ ವಿಷಯದ ಪಾಠ ಒತ್ತಾಯದಿಂದ ಆಗಿದೆ. ಪಾಠ ಹೇಳಿದವಳು ನನ್ನ ತಂಗಿಯ ಮಗಳು.

ಅವಳಿರುವುದು ಬಾಗಲಕೋಟೆ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ. ಯಜಮಾನರಿಗೆ ಬೆನ್ನಿನ ಬೇನೆ ಬಂದು ಹೊಲದ ದುಡಿಮೆ ನಿಂತಿತು. ಮಗಳು ಕಾಲೇಜಿನ ಹೊಸ್ತಿಲಲ್ಲಿದ್ದಳು. ಮಹಿಳಾ ಸಂಘದಿಂದ 40,000 ರೂಪಾಯಿ ಸಾಲ ತೆಗೆದು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿಗಳನ್ನು ಅಂತರ್ಜಾಲದ ಮೂಲಕ ಮಾರಲು ತೊಡಗಿದಳು. ಆರು ತಿಂಗಳಲ್ಲಿ ಸಾಲದ ಹಣ ಬಹುಮಟ್ಟಿಗೆ ಕರಗಿತು. ಅದರಲ್ಲಿ 15,000 ರೂಪಾಯಿಗಳನ್ನು, ಹತ್ತು ಸಾವಿರ ಮಂದಿ ಹಿಂಬಾಲಕರನ್ನು ತಂದುಕೊಡುವೆನೆಂದ ಒಬ್ಬ ಮಧ್ಯಸ್ಥನು ಪಡೆದುಕೊಂಡಿದ್ದನು. ಅವನು ಸುಳ್ಳಾಡಲಿಲ್ಲ, ಹಿಂಬಾಲಕರು ಬಂದರು. ಆದರೆ ಅವರಲ್ಲಿ ರೊಟ್ಟಿ ತಿನ್ನುವವರು ಒಬ್ಬರೂ ಇರಲಿಲ್ಲ.

ಆಗ ಅವಳು ನನ್ನಲ್ಲಿಗೆ ಬಂದುದು ಹಣ ಕೇಳಲು ಅಲ್ಲ, ಪದಾರ್ಥಗಳ ಬಗೆಗೆ ನಾಲ್ಕು ಒಳ್ಳೆಯ ಮಾತು ಬರೆಸಿಕೊಳ್ಳಲು. ನಾನು ಉತ್ಸಾಹದಿಂದ ಒಂದು ಪುಟ ಬರೆದೆ. ಉತ್ತರ ಕರ್ನಾಟಕದ ಅನ್ನಸಂಸ್ಕೃತಿಯ ಮಹಿಮೆ, ಜೋಳದ ಸಾತ್ವಿಕತೆ, ಮಾತೆಯರ ಕೈಗುಣ ಎಲ್ಲವೂ ಅದರಲ್ಲಿ ಬಂದವು. ಅವಳು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾಮಾ, ಭಾಳ ಚಂದ ಐತಿ. ಆದ್ರ ರೊಟ್ಟಿ ಎಷ್ಟು ದಿನ ತಾಳತಾವು, ಒಂದು ಕಟ್ಟಿನಾಗ ಎಷ್ಟು ಇರ್ತಾವು, ಇದರಾಗ ಎಲ್ಲೂ ಇಲ್ಲಲ್ಲ?” ಎಂದಳು. ಗಿರಾಕಿಗಳು ಫೋನಿನಲ್ಲಿ ದಿನವೂ ಕೇಳುತ್ತಿದ್ದುದು ಈ ಎರಡೇ ಪ್ರಶ್ನೆ. ನನ್ನ ಪುಟ ಬುಟ್ಟಿ ಸೇರಿತು. ಆ ದಿನದಿಂದ ನಾನು ಈ ಶಾಸ್ತ್ರದ ಗ್ರಂಥಗಳನ್ನು ತಿರುವಿಹಾಕತೊಡಗಿದೆ.

ಮಾರುಕಟ್ಟೆಯ ವಿದ್ಯೆಯನ್ನು ಒಂದು ಶಾಸ್ತ್ರವಾಗಿ ಬೋಧಿಸುವ ಪದ್ಧತಿ ಅಮೆರಿಕೆಯಲ್ಲಿ ಬೆಳೆಯಿತು. ಜೆರೋಮ್ ಮೆಕಾರ್ಥಿ ಎಂಬ ಪ್ರಾಧ್ಯಾಪಕರು 1960ರಲ್ಲಿ ತಮ್ಮ ಪಠ್ಯಗ್ರಂಥದಲ್ಲಿ ಅದನ್ನು ನಾಲ್ಕು ಅಂಗಗಳಾಗಿ ವಿಂಗಡಿಸಿದರು: ಸರಕು, ಬೆಲೆ, ಸ್ಥಳ, ಪ್ರಚಾರ. ಇಂಗ್ಲಿಷಿನಲ್ಲಿ ಈ ನಾಲ್ಕೂ ಪದಗಳು ‘ಪಿ’ ಅಕ್ಷರದಿಂದ ಮೊದಲಾಗುವುದರಿಂದ ವಿದ್ಯಾರ್ಥಿಗಳಿಗೆ ಬಾಯಿಪಾಠಕ್ಕೆ ಸುಲಭ. ನಮ್ಮ ಜನ ಮೊದಲ ಮೂರನ್ನು ಬಿಟ್ಟು ನಾಲ್ಕನೆಯದಕ್ಕೆ ಧಾವಿಸುತ್ತಾರೆ. ನನ್ನ ಸೊಸೆಯೂ ಹಾಗೆಯೇ ಮಾಡಿದ್ದಳು. (ಸೋದರಿಯ ಮಗಳನ್ನು ಸೊಸೆಯೆನ್ನುವುದು ನಮ್ಮ ಕಡೆಯ ರೂಢಿ.)

ಅದೇ 1960ರಲ್ಲಿ ಥಿಯೊಡೋರ್ ಲೆವಿಟ್ ಎಂಬ ಇನ್ನೊಬ್ಬ ವಿದ್ವಾಂಸರು ಒಂದು ಲೇಖನ ಬರೆದು, ಅಲ್ಲಿಯ ರೈಲ್ವೆ ಕಂಪನಿಗಳು ಏಕೆ ಸೊರಗಿದವೆಂಬುದನ್ನು ವಿವರಿಸಿದರು. ತಾವು ನಡೆಸುವುದು ರೈಲು ಎಂದು ಅವು ತಿಳಿದವೇ ಹೊರತು, ಜನರಿಗೆ ಬೇಕಾದುದು ಪ್ರಯಾಣದ ಅನುಕೂಲ ಎಂಬುದನ್ನು ಅರಿಯಲಿಲ್ಲ. ಕಾರು, ವಿಮಾನಗಳು ಬಂದಾಗ ಪ್ರಯಾಣಿಕರು ಅತ್ತ ಹೋದರು. ಇದನ್ನು ನಮ್ಮ ರೊಟ್ಟಿಗೆ ಅನ್ವಯಿಸಿ ನೋಡಿದೆವು. ಅವಳ ಊರಿನಲ್ಲಿ ರೊಟ್ಟಿ ಕೊಳ್ಳುವವರು ಯಾರು? ಮನೆಮನೆಯಲ್ಲೂ ಬಡಿಯುತ್ತಾರೆ. ಹತ್ತು ಸಾವಿರ ಅಪರಿಚಿತರಿಗೂ ಅದು ಬೇಡ. ಬೇಕಾದುದು ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿದ ನಮ್ಮ ಕಡೆಯ ಕುಟುಂಬಗಳಿಗೆ. ಗಂಡಹೆಂಡಿರಿಬ್ಬರೂ ನೌಕರಿಗೆ ಹೋಗುವ ಮನೆಯಲ್ಲಿ ಹಿಟ್ಟು ನಾದಿ ರೊಟ್ಟಿ ಬಡಿಯಲು ವೇಳೆಯಿಲ್ಲ. ಎಷ್ಟೋ ಮನೆಗಳಲ್ಲಿ ಬಡಿಯುವ ಕೈಯೂ ಇಲ್ಲ. ಅವರು ಕೊಳ್ಳುವುದು ರಾತ್ರಿಯ ಊಟದ ನಿಶ್ಚಿಂತೆಯನ್ನು, ಜೊತೆಗೆ ಊರಿನ ರುಚಿಯನ್ನು. ಇಷ್ಟು ತಿಳಿದ ಮೇಲೆ ಏನು ಬರೆಯಬೇಕು, ಯಾರಿಗೆ ತೋರಿಸಬೇಕು ಎಂಬುದು ತಾನಾಗಿ ಸ್ಪಷ್ಟವಾಯಿತು.

ಬೆಲೆಯ ವಿಷಯ ಬಂದಾಗ ನಾನು ಅವಳ ಲೆಕ್ಕದ ಪುಸ್ತಕವನ್ನು ಕೇಳಿದೆ. ಹತ್ತು ರೊಟ್ಟಿಯ ಕಟ್ಟನ್ನು 120 ರೂಪಾಯಿಗೆ, ಮನೆಬಾಗಿಲಿಗೆ ಉಚಿತವಾಗಿ ತಲುಪಿಸುವುದಾಗಿ ಹೇಳಿ ಮಾರುತ್ತಿದ್ದಳು. ಹಿಟ್ಟಿಗೆ 35, ಉರುವಲಿಗೆ 10, ಬಡಿಯುವವರ ಕೂಲಿ 30, ಚೀಲ ಮತ್ತು ರಟ್ಟಿನ ಡಬ್ಬಿಗೆ 20, ಕೊರಿಯರಿಗೆ 65, ಒಟ್ಟು 160. ಒಂದೊಂದು ಕಟ್ಟಿಗೂ 40 ರೂಪಾಯಿ ಕೈಯಿಂದ ಹೋಗುತ್ತಿತ್ತು. ಒಂದು ತಿಂಗಳಲ್ಲಿ 62 ಕಟ್ಟು ಮಾರಿ, ವ್ಯಾಪಾರ ಬೆಳೆಯಿತೆಂದು ಸಂತೋಷಪಟ್ಟಿದ್ದಳು. ಆ ತಿಂಗಳ ನಷ್ಟ 2,480 ರೂಪಾಯಿ. ಹೆಚ್ಚು ಮಾರಿದಷ್ಟೂ ಹೆಚ್ಚು ಮುಳುಗುವ ವ್ಯಾಪಾರವದು. ಕೂಲಿಯ ಲೆಕ್ಕದಲ್ಲಿ ತನ್ನ ದುಡಿಮೆಯನ್ನು ಅವಳು ಹಿಡಿದಿರಲೇ ಇಲ್ಲ. ನಮ್ಮ ಹೆಣ್ಣುಮಕ್ಕಳು ಮನೆಯ ಕೆಲಸಕ್ಕೆ ಬೆಲೆ ಕಟ್ಟುವುದಿಲ್ಲ. ಮನೆಯಲ್ಲಿ ಅದು ಸರಿಯೋ ತಪ್ಪೋ, ವ್ಯಾಪಾರದಲ್ಲಿ ಮಾತ್ರ ಅದು ನೇರವಾದ ತಪ್ಪು.

ಬೆಲೆಯನ್ನು ಏಕಾಏಕಿ ಏರಿಸಿದರೆ ಗಿರಾಕಿ ಹೋಗುವನೆಂಬ ಭಯ ಅವಳಿಗಿತ್ತು. ಆದುದರಿಂದ ಸರಕಿನ ರೂಪವನ್ನೇ ಬದಲಿಸಿದೆವು. ಒಂಟಿ ಕಟ್ಟು ನಿಂತಿತು. ಮೂವತ್ತು ರೊಟ್ಟಿ, ಎರಡು ಬಗೆಯ ಹಿಂಡಿ, ಒಂದೇ ಡಬ್ಬಿಯಲ್ಲಿ. ರೊಟ್ಟಿಗೆ 225, ಹಿಂಡಿಗೆ 120, ಡಬ್ಬಿಗೆ 30, ಕೊರಿಯರಿಗೆ 110. ಒಟ್ಟು ವೆಚ್ಚ 485. ಬೆಲೆ 640. ಒಡೆದು ಹಿಂದಿರುಗುವುದಕ್ಕೆಂದು ಸ್ವಲ್ಪ ಕಳೆದರೂ ಉಳಿಕೆಯಿದೆ. ಕೊರಿಯರಿನ ಹೊರೆ ಮೂವತ್ತು ರೊಟ್ಟಿಗೆ ಹಂಚಿಹೋದುದೇ ಇದರ ಗುಟ್ಟು.

ಸ್ಥಳವೆಂದರೆ ಅಂಗಡಿ ಎಲ್ಲಿದೆ ಎಂಬುದು. ಅಂತರ್ಜಾಲದಲ್ಲಿಯೂ ಈ ಪ್ರಶ್ನೆ ಇದ್ದೇ ಇದೆ. ದೊಡ್ಡ ಮಾರಾಟ ತಾಣಗಳಲ್ಲಿ ಜಾತ್ರೆಯಂತೆ ಜನಸಂದಣಿಯಿದೆ. ಆದರೆ ಅವು ದಲಾಲಿ ಹಿಡಿಯುತ್ತವೆ, ಮೇಲಾಗಿ ಕೊಂಡವನು ಆ ತಾಣದ ಗಿರಾಕಿಯಾಗಿ ಉಳಿಯುತ್ತಾನೆಯೇ ಹೊರತು ನಿಮ್ಮವನಾಗುವುದಿಲ್ಲ. ಸ್ವಂತ ವಾಟ್ಸಾಪ್ ವ್ಯಾಪಾರ ಖಾತೆಯಲ್ಲಿ ಪದಾರ್ಥಗಳ ಪಟ್ಟಿಯನ್ನು ಇಡಬಹುದು, ಹಣ ಯುಪಿಐ ಮೂಲಕ ನೇರವಾಗಿ ಬರುತ್ತದೆ, ಗಿರಾಕಿಯ ಹೆಸರು ನಿಮ್ಮಲ್ಲಿಯೇ ಇರುತ್ತದೆ. ಆದರೆ ಜನರನ್ನು ನೀವೇ ಕರೆತರಬೇಕು. ಅವಳು ಎರಡನ್ನೂ ಇಟ್ಟುಕೊಂಡಿದ್ದಾಳೆ. ಒಂದು ಎಚ್ಚರಿಕೆ: ಹೊರರಾಜ್ಯಕ್ಕೆ ಸರಕು ಕಳಿಸುವವರು ಜಿಎಸ್‌ಟಿ ನೋಂದಣಿಯ ನಿಯಮವನ್ನು ಬಲ್ಲ ಲೆಕ್ಕಿಗರಲ್ಲಿ ಮೊದಲೇ ಕೇಳಿ ತಿಳಿಯಬೇಕು.

ಇನ್ನು ಪ್ರಚಾರ. 3,000 ರೂಪಾಯಿ ಕೊಟ್ಟು ಜಾಹೀರಾತು ಹಾಕಿದಾಗ ಹನ್ನೆರಡು ಹೊಸ ಗಿರಾಕಿಗಳು ಬಂದರು. ಎಂದರೆ ತಲೆಗೆ 250 ರೂಪಾಯಿ. ಒಂದು ಡಬ್ಬಿಯ ಉಳಿಕೆ 155. ಇದು ಮೇಲ್ನೋಟಕ್ಕೆ ನಷ್ಟವೇ. ಆದರೆ ಅವರಲ್ಲಿ ಐವರು ಮತ್ತೆ ಮತ್ತೆ ತರಿಸಿಕೊಳ್ಳುತ್ತಿದ್ದಾರೆ, ಅವರಿಗಾಗಿ ಎರಡನೆಯ ಸಲ ಜಾಹೀರಾತಿನ ವೆಚ್ಚವಿಲ್ಲ. ಗಿರಾಕಿಯ ಮೌಲ್ಯವನ್ನು ಮೊದಲ ಕೊಳ್ಳುವಿಕೆಯಿಂದಲ್ಲ, ವರುಷದ ಕೊಳ್ಳುವಿಕೆಯಿಂದ ಅಳೆಯಬೇಕೆಂಬ ತತ್ತ್ವ ನನಗೆ ಅರ್ಥವಾದುದು ಇಲ್ಲಿಯೇ. ವಾಟ್ಸಾಪಿನಲ್ಲಿ ಒಂದೇ ಸಂದೇಶವನ್ನು ಪ್ರಸಾರದ ಪಟ್ಟಿಯ ಮೂಲಕ ಹಲವರಿಗೆ ಕಳಿಸಿದರೂ, ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಆದುದರಿಂದ ಡಬ್ಬಿಯೊಳಗಿನ ಚೀಟಿಯಲ್ಲಿ, ಸಂಖ್ಯೆಯನ್ನು ಉಳಿಸಿಕೊಳ್ಳಿರೆಂದು ವಿನಯದಿಂದ ಕೇಳಿಕೊಂಡಿದ್ದೇವೆ. ದಿನವೂ ಶುಭೋದಯ ಕಳಿಸುವುದನ್ನು ನಾನು ನಿಷೇಧಿಸಿದ್ದೇನೆ. ತಿಂಗಳಿಗೆ ಎರಡು ಸಂದೇಶ ಸಾಕು.

ನಂಬಿಕೆಯ ವಿಷಯದಲ್ಲಿ ನಾವು ಸ್ವಲ್ಪ ಜಗಳವನ್ನೇ ಆಡಿದೆವು. ಪುಣೆಯಿಂದ ಒಬ್ಬ ತಾಯಿ ಚೂರುಚೂರಾದ ರೊಟ್ಟಿಯ ಚಿತ್ರ ತೆಗೆದು ಮಾರಾಟ ತಾಣದಲ್ಲಿ ಕಟುವಾಗಿ ಬರೆದರು. ನೆರೆಮನೆಯ ಹುಡುಗನು, ಬೇರೆ ಬೇರೆ ಹೆಸರಿನಲ್ಲಿ ಇಪ್ಪತ್ತು ಹೊಗಳಿಕೆ ಬರೆದು ಅದನ್ನು ಕೆಳಕ್ಕೆ ತಳ್ಳಿಬಿಡೋಣವೆಂದನು. ಸೊಸೆಗೂ ಅದು ಹಿಡಿಸಿತ್ತು. ಸಾಲದ ಕಂತು ತಲೆಯ ಮೇಲಿದ್ದಾಗ ಹಿಡಿಸುವುದು ಸಹಜ. 2020ರ ಗ್ರಾಹಕ ಸಂರಕ್ಷಣೆಯ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರುವವನು ತಾನೇ ಗ್ರಾಹಕನ ವೇಷದಲ್ಲಿ ಅಭಿಪ್ರಾಯ ಬರೆಯಲಾಗದು, ದೋಷವಿರುವ ಸರಕನ್ನು ಮರಳಿ ಪಡೆಯಲು ನಿರಾಕರಿಸಲೂ ಆಗದು. ಕಾನೂನು ಇಲ್ಲದಿದ್ದರೂ ನಾನು ಒಪ್ಪುತ್ತಿರಲಿಲ್ಲ, ಅದು ಬೇರೆ ಮಾತು. ಆ ತಾಯಿಗೆ ಹಣ ಹಿಂದಿರುಗಿಸಿ, ತಪ್ಪಾಯಿತೆಂದು ಅವರ ಬರಹದ ಕೆಳಗೆಯೇ ಬರೆದೆವು. ಬಳಿಕ ರೊಟ್ಟಿಯ ಅಳತೆಗೆ ದುಂಡಗೆ ಕತ್ತರಿಸಿದ ದಪ್ಪ ರಟ್ಟನ್ನು ಮೇಲೆ ಕೆಳಗೆ ಇಟ್ಟು, ಅಲುಗದಂತೆ ಬಿಗಿಯಾಗಿ ಕಟ್ಟುವ ಪದ್ಧತಿ ಬಂದಿತು. ಈಗಲೂ ಒಂದೆರಡು ಒಡೆಯುತ್ತವೆ. ಹಾಗಾಗಿ ಮೂವತ್ತಕ್ಕೆ ಎರಡು ಹೆಚ್ಚಿಗೆ ಇಡುತ್ತಾಳೆ.

ಡಬ್ಬಿಯ ಚೀಟಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಸಂಖ್ಯೆ, ಸಸ್ಯಾಹಾರದ ಹಸಿರು ಗುರುತು, ನಿವ್ವಳ ತೂಕ, ಗರಿಷ್ಠ ಬೆಲೆ, ತಯಾರಿಸಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕು, ತಯಾರಿಸಿದವರ ವಿಳಾಸ ಇವೆಲ್ಲ ಇರಬೇಕು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಹಿಂಡಿಗೆ ಬೇರೆ ಮೆಣಸಿನಕಾಯಿ ಹಾಕಿದ ವಾರ ಚೀಟಿಯಿಂದ ಆ ಹೆಸರನ್ನು ತೆಗೆಸುತ್ತೇನೆ. ಅವಳು ಗೊಣಗುತ್ತಾಳೆ.

ಸಂಘದ ಸಾಲದಲ್ಲಿ ಇನ್ನೂ 11,000 ರೂಪಾಯಿ ಉಳಿದಿದೆ. ಮಗಳು ಕಾಲೇಜಿಗೆ ಹೋಗುತ್ತಿದ್ದಾಳೆ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗೆ ಬೆಂಗಳೂರಿನಿಂದ ಈಗಲೇ ವಿಚಾರಣೆ ಬರುತ್ತಿದೆಯಂತೆ. ಇನ್ನೂ ಮೂವರು ಹೆಣ್ಣುಮಕ್ಕಳನ್ನು ಕೂಲಿಗೆ ಕರೆದುಕೊಳ್ಳಬೇಕೇ, ಮುಂಗಡ ಹಣ ಪಡೆದು ಎಣಿಸಿ ಬಡಿಸಬೇಕೇ ಎಂದು ನಿನ್ನೆ ಫೋನಿನಲ್ಲಿ ಕೇಳಿದಳು. ಮೊದಲು ಲೆಕ್ಕದ ಪುಸ್ತಕ ಕಳಿಸು ಎಂದಿದ್ದೇನೆ.