ಲೈನ್ 40 ಗಿಗಾಬಿಟ್, ಒಂದು ಫೈಲ್‌ಗೆ 10 ಮಾತ್ರ! ಯಾಕೆ?

ಆಫೀಸಿಗೆ 40 ಗಿಗಾಬಿಟ್ ಲೈನ್ ಬಂದಿದೆ. ಆದ್ರೆ ಒಂದು ದೊಡ್ಡ ಬ್ಯಾಕಪ್ ಕಳಿಸಿದ್ರೆ ವೇಗ 10 ದಾಟೋದೇ ಇಲ್ಲ. ಲೈನ್ ಕೆಟ್ಟಿದೆಯಾ? ಇಲ್ಲ.

ಎಷ್ಟೋ ಕಡೆ ಈ 40 ಅನ್ನೋದು ತಲಾ 10 ಗಿಗಾಬಿಟ್‌ನ ನಾಲ್ಕು ಲಿಂಕ್ ಸೇರಿಸಿ ಮಾಡಿದ್ದು. ಐಪಿ ವಿಳಾಸ, ಪೋರ್ಟ್ ನಂಬರ್ ನೋಡಿ ರೌಟರ್ ಪ್ರತಿ ಸಂಪರ್ಕಕ್ಕೂ ಒಂದು ಲಿಂಕ್ ಆರಿಸುತ್ತೆ. ಆ ಸಂಪರ್ಕದ ಪ್ಯಾಕೆಟ್‌ಗಳೆಲ್ಲ ಅದರಲ್ಲೇ ಹೋಗ್ಬೇಕು. ನಾಲ್ಕರಲ್ಲೂ ಹಂಚಿದ್ರೆ ಕ್ರಮ ತಪ್ಪುತ್ತೆ. ಪ್ಯಾಕೆಟ್ ಕಳೆದೇಹೋಯ್ತು ಅಂದ್ಕೊಂಡು, ಡೇಟಾ ಕಳಿಸೋದನ್ನ ನೋಡಿಕೊಳ್ಳೋ ಟಿಸಿಪಿ ವೇಗ ಇಳಿಸಿಬಿಡುತ್ತೆ.

ಇನ್ನೊಂದು ತಡೆ, ದೂರ. ‘ತಲುಪಿತು’ ಅನ್ನೋ ಉತ್ತರ ಬರೋ ತನಕ ಎಷ್ಟು ಡೇಟಾ ಕಳಿಸಬಹುದು ಅನ್ನೋದಕ್ಕೆ ಮಿತಿ ಇದೆ. ಅದೇ ಟಿಸಿಪಿ ವಿಂಡೋ. ಹಳೆಯ ಮಿತಿ 64 ಕಿಲೋಬೈಟ್. ಹೋಗಿ ಬರೋಕೆ 200 ಮಿಲಿಸೆಕೆಂಡ್ ಆದ್ರೆ, ಲೈನ್ ಎಷ್ಟೇ ದೊಡ್ಡದಿರಲಿ, ಸೆಕೆಂಡಿಗೆ ಸಿಗೋದು ಸುಮಾರು 2.6 ಮೆಗಾಬಿಟ್! 1992ರ ಮಾನದಂಡ ವಿಂಡೋವನ್ನ 1 ಗಿಗಾಬೈಟ್‌ವರೆಗೂ ಹಿಗ್ಗಿಸಿತು. ಆದ್ರೂ ಇಷ್ಟು ದೂರಕ್ಕೆ 10 ಗಿಗಾಬಿಟ್ ಪೂರ್ತಿ ಬಳಸೋಕೆ 250 ಮೆಗಾಬೈಟ್ ವಿಂಡೋ ಬೇಕು.

ಹಾಗಾಗಿ ಒಂದೇ ಸ್ಟ್ರೀಮ್, ಅಂದ್ರೆ ಒಂದೇ ಸಂಪರ್ಕ, ನೋಡಿ ದೂರು ಕೊಡಬೇಡಿ. ವೇಗ ಅಳೆಯೋ ಐಪರ್ಫ್ ಅನ್ನೋ ಟೂಲ್‌ನಲ್ಲಿ ಎಂಟು ಸ್ಟ್ರೀಮ್ ಒಟ್ಟಿಗೆ ಓಡಿಸಿ ನೋಡಿ. ಲೈನ್ ತಗೊಳ್ಳೋ ಮುಂಚೆಯೇ ಕೇಳಿ: ಒಂದು ಸಂಪರ್ಕಕ್ಕೆ ಗರಿಷ್ಠ ಎಷ್ಟು ಸಿಗುತ್ತೆ?