ಕಾರ್ಡ್ ಅಚ್ಚಿಗೆ ಹೋಗುವ ಮುನ್ನ...

ನಮ್ಮ ಗೃಹಪ್ರವೇಶದ ಕಾರ್ಡು ಅಚ್ಚಾಗಿ ಬಂತು. ಮಾವನವರು ಕನ್ನಡಕ ಏರಿಸಿ ಓದಿದ್ದೇ ತಡ, ‘ಏನಮ್ಮಾ, ‘ಮದ್ಯಾಹ್ನ’ ಅಂತಿದೆ. ಊಟಕ್ಕೆ ಕರೀತಿದ್ದೀವೋ, ಮದ್ಯಕ್ಕೋ?’ ಅಂದುಬಿಟ್ಟರು! ಕೆಳಗೆ ‘ಆರ್ಶೀವಾದ’ ಬೇರೆ. ಪ್ರೂಫ್ ನೋಡಿ ಸರಿಯಿದೆ ಅಂದವಳು ನಾನೇ. ವೈಟ್‌ನರ್ ಹಿಡಿದು ರಾತ್ರಿಯೆಲ್ಲ 300 ಕಾರ್ಡು ತಿದ್ದಿದ್ದಾಯ್ತು.

‘ಮಧ್ಯಾಹ್ನ’ಕ್ಕೆ ಮಹಾಪ್ರಾಣ ಬೇಕೇ ಬೇಕು. ಆಶೀರ್ವಾದದಲ್ಲಿ ಎಡವಿಸುವುದು ಅರ್ಕಾವತ್ತು. ಅದನ್ನು ಬರೆಯೋದು ಅಕ್ಷರದ ನಂತರ, ಉಚ್ಚರಿಸೋದು ಮಾತ್ರ ಅಕ್ಷರಕ್ಕೂ ಮೊದಲು. ‘ಶೀ’ ಆದ ಮೇಲೆ ಕೇಳಿಸ್ತಲ್ಲ ಅಂತ ಅಲ್ಲೇ ಹಾಕಿದರೆ ‘ಆರ್ಶೀವಾದ’ ಆಗುತ್ತೆ. ‘ವಾ’ ಬರೆದು ಅದರ ಪಕ್ಕ ಹಾಕಿ.

ಇನ್ನು ಹುಟ್ಟುಹಬ್ಬದ ಕೇಕಿನಿಂದ ಬೀದಿಯ ಬ್ಯಾನರ್‌ವರೆಗೂ ಕಾಣೋದು ‘ಶುಭಾಷಯ’. ಶುಭ ಮತ್ತು ಆಶಯ ಸೇರಿ ಶುಭಾಶಯ. ಹೊಟ್ಟೆ ಸೀಳಿದ ‘ಷ’ಗೆ ಇಲ್ಲೇನು ಕೆಲಸ? ನಂಗಂತೂ ಮೈ ಉರಿಯುತ್ತೆ.

ಅನುಮಾನ ಬಂದರೆ ಕನ್ನಡ ಸಾಹಿತ್ಯ ಪರಿಷತ್ತಿನ ‘ಸಂಕ್ಷಿಪ್ತ ಕನ್ನಡ ನಿಘಂಟು’ ತೆಗೆದು ನೋಡಿ. ಪ್ರೂಫ್ ಬಂದಾಗ ನೀವೊಬ್ಬರೇ ಮನಸ್ಸಲ್ಲಿ ಓದಿ ಮುಗಿಸಬೇಡಿ. ಮನೆಯಲ್ಲಿ ಕನ್ನಡ ಕಲಿಯುತ್ತಿರುವ ಮಗುವಿನ ಕೈಲಿ ಅಕ್ಷರ ಅಕ್ಷರ ಓದಿಸಿ. ಮಕ್ಕಳು ಅಲ್ಲಿರೋದನ್ನೇ ಓದ್ತಾರೆ, ನಮ್ಮ ಹಾಗೆ ಅಂದಾಜಿಗೆ ಓದಲ್ಲ.