ಉತ್ತರಾಯಣದ ಹೊತ್ತಿಗೆ ಹದ್ದಿನ ಗೂಡಿನಲ್ಲಿ ಏನಿರುತ್ತದೆ?

ಉತ್ತರಾಯಣದ ದಿನ, ಜನವರಿ 14ರಂದು, ಗುಜರಾತಿನ ಅಹಮದಾಬಾದ್, ವಡೋದರ, ಸೂರತ್‌ಗಳಲ್ಲಿ ಗಾಳಿಪಟ ಹಾರಿಸಲು ಊರಿಗೆ ಊರೇ ಮಾಳಿಗೆ ಏರಿರುತ್ತದೆ. ಮರುದಿನ ವಾಸಿ ಉತ್ತರಾಯಣ, ಅಂದೂ ಗಾಳಿಪಟವೇ. ಎರಡು ದಿನದ ಮಾತು ತಾನೆ, ಹಕ್ಕಿಗಳು ಅಷ್ಟು ಹೊತ್ತು ಬೇರೆ ಕಡೆ ಹೋಗಿದ್ದು ಬರುತ್ತವೆ ಎಂದು ಅನೇಕರು ತಿಳಿದಿದ್ದಾರೆ.

ಆದರೆ ಗೂಡಿನಲ್ಲಿ ಮರಿ ಇರುವ ಹಕ್ಕಿ ಎಲ್ಲಿಗೂ ಹೋಗಲಾರದು. ಬಿಳಿಬೆನ್ನಿನ ರಣಹದ್ದನ್ನೇ ನೋಡಿ. ಒಂದು ಕಾಲಕ್ಕೆ ಅಹಮದಾಬಾದ್ ನಗರದೊಳಗಿನ ಎತ್ತರದ ಮರಗಳಲ್ಲೇ ಅದು ಗೂಡು ಕಟ್ಟುತ್ತಿತ್ತು. ಮಳೆಗಾಲ ಕಳೆದ ಮೇಲೆ ಇಡುವುದು ಒಂದೇ ಮೊಟ್ಟೆ. ಗಂಡು ಹೆಣ್ಣು ಸರದಿಯಂತೆ ಏಳೆಂಟು ವಾರ ಕಾವು ಕೂರಬೇಕು, ಮರಿಯ ರೆಕ್ಕೆ ಬಲಿಯಲು ಮತ್ತೆ ಸುಮಾರು ಮೂರು ತಿಂಗಳು ಬೇಕು. ಉತ್ತರಾಯಣ ಬರುವುದು ಸರಿಯಾಗಿ ಈ ನಡುವೆ. ಮೇವಿಗೆ ಹೋದ ತಾಯಿಯೋ ತಂದೆಯೋ ದಾರಕ್ಕೆ ಸಿಕ್ಕರೆ ಉಳಿದ ಒಂದು ಹಕ್ಕಿ ಮರಿಯನ್ನು ಕಾಯಬೇಕೋ, ಆಹಾರ ತರಬೇಕೋ? ಆ ಮರಿ ಹೋದರೆ ಆ ಜೋಡಿಯ ಒಂದು ವರ್ಷವೇ ಹೋದಂತೆ.

ನೈಲಾನ್ ದಾರ ಮಾತ್ರ ಅಪಾಯ, ಹತ್ತಿಯದ್ದು ಪರವಾಗಿಲ್ಲ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಗಾಳಿಪಟದ ನೈಲಾನ್ ದಾರವನ್ನು, ಅಂದರೆ ನೈಲಾನ್ ಮಾಂಜಾವನ್ನು, ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿತು. ಆದರೆ ಹೆಸರುವಾಸಿಯಾದ ಸೂರತ್ ಮಾಂಜಾ ಹತ್ತಿಯದ್ದೇ ಆದರೂ ಅದಕ್ಕೆ ಗಾಜಿನ ಪುಡಿ ಬಳಿದಿರುತ್ತಾರೆ. ಹಕ್ಕಿಯ ರೆಕ್ಕೆಯ ಮುಂಬದಿಯಲ್ಲಿ, ಭುಜದಿಂದ ಮಣಿಕಟ್ಟಿನವರೆಗೆ, ಒಂದು ತೆಳು ತೊಗಲು ಹಬ್ಬಿದೆ. ಅದರ ಅಂಚಿನಲ್ಲೇ ಸ್ನಾಯುರಜ್ಜು ಹಾದುಹೋಗುತ್ತದೆ. ವೇಗವಾಗಿ ಬರುವ ಹದ್ದು ಬಿಗಿದ ದಾರಕ್ಕೆ ತಾಗಿದರೆ ಮೊದಲು ಕುಯ್ಯುವುದು ಅದನ್ನೇ. ಗಾಯಕ್ಕೆ ಹೊಲಿಗೆ ಹಾಕಬಹುದು. ಆ ರಜ್ಜು ತುಂಡಾಗಿದ್ದರೆ ಹಕ್ಕಿ ಮತ್ತೆ ಹಾರುವುದು ಕಷ್ಟ.

ಹಬ್ಬ ಮುಗಿದರೂ ದಾರ ಮರಗಳಲ್ಲೇ ಜೋತಾಡುತ್ತಿರುತ್ತದೆ. ನಮ್ಮ ನಗರಗಳ ಮಾಮೂಲಿ ಹದ್ದು ಚಿಂದಿ, ಪ್ಲಾಸ್ಟಿಕ್, ದಾರ ಎಲ್ಲವನ್ನೂ ಗೂಡಿಗೆ ತಂದು ಹಾಸುತ್ತದೆ. ಹಾಗೆ ಬಂದ ದಾರ ಮರಿಯ ಕಾಲಿಗೆ ಸುತ್ತಿಕೊಂಡರೆ, ಕಾಲು ದಪ್ಪವಾದಂತೆ ಬಿಗಿಯುತ್ತಾ ಹೋಗುತ್ತದೆ.

ರಣಹದ್ದನ್ನು ಕಾಡುವುದು ದಾರವೊಂದೇ ಅಲ್ಲ. ಅದು ಕಡಿಮೆಯಾದದ್ದು ಊರು ಬೆಳೆದು, ಆಹಾರ ಸಿಗದೆ ಎಂದು ಬಹುಕಾಲ ಜನ ನಂಬಿದ್ದರು. ಸತ್ಯ ಬೇರೆಯೇ. ದನಗಳಿಗೆ ಕೊಡುವ ನೋವುನಿವಾರಕ ಡೈಕ್ಲೋಫೆನಾಕ್ ಕಳೇಬರದ ಮೂಲಕ ರಣಹದ್ದಿನ ಹೊಟ್ಟೆ ಸೇರಿ ಮೂತ್ರಪಿಂಡವನ್ನು ಕೆಡಿಸುತ್ತದೆ ಎಂದು ವಿಜ್ಞಾನಿ ಲಿಂಡ್ಸೆ ಓಕ್ಸ್ ಅವರ ತಂಡ 2004ರಲ್ಲಿ ತೋರಿಸಿತು. ಭಾರತ 2006ರಲ್ಲಿ ಪಶುಗಳಿಗೆ ಅದರ ಬಳಕೆಯನ್ನು ನಿಷೇಧಿಸಿತು. ಗುಜರಾತಿನ ಗಣತಿಯಲ್ಲಿ 2005ರಲ್ಲಿ 2,647 ಇದ್ದ ರಣಹದ್ದುಗಳು 2018ರಲ್ಲಿ 820ಕ್ಕೆ ಇಳಿದಿದ್ದವು. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿ ಈ ನಷ್ಟವನ್ನು ಬೇಗ ತುಂಬಿಕೊಳ್ಳಲಾರದು. ಕರ್ನಾಟಕದ ರಾಮದೇವರ ಬೆಟ್ಟದಲ್ಲಿ ಬಂಡೆಯ ಸಂದುಗಳಲ್ಲಿ ಗೂಡು ಕಟ್ಟುವ ಉದ್ದಕೊಕ್ಕಿನ ರಣಹದ್ದಿನ ಕಷ್ಟವೂ ಇದೇ.

ಇನ್ನು ಹದ್ದಿನ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಕತೆ. ಹದ್ದು 70 ವರ್ಷ ಬದುಕುತ್ತದಂತೆ, 40ರಲ್ಲಿ ಕೊಕ್ಕನ್ನು ಬಂಡೆಗೆ ಬಡಿದು ಕಿತ್ತುಕೊಂಡು ಐದು ತಿಂಗಳು ಕಾದು ಹೊಸ ಕೊಕ್ಕು ಪಡೆಯುತ್ತದಂತೆ! ಕೊಕ್ಕು ಜೀವನಪೂರ್ತಿ ಬೆಳೆಯುತ್ತಾ ಸವೆಯುತ್ತಾ ಇರುತ್ತದೆ. ಅದು ಕಿತ್ತುಹೋದ ಹದ್ದು ಮಾಂಸ ಹರಿಯಲಾರದೆ ಹಸಿವಿನಿಂದ ಸಾಯುತ್ತದೆ. ಉಂಗುರ ತೊಡಿಸಿ ವಯಸ್ಸು ಪತ್ತೆಹಚ್ಚಿದ ಅಮೆರಿಕದ ಬೋಳುಹದ್ದುಗಳಲ್ಲೇ ದೀರ್ಘಾಯುಷಿ ಎನಿಸಿದ್ದು 2015ರಲ್ಲಿ ಸತ್ತಾಗ 38 ವರ್ಷದ್ದಾಗಿತ್ತು. ತಾಯಿ ಮರಿಯನ್ನು ಗೂಡಿನಿಂದ ತಳ್ಳಿ ಹಾರಲು ಕಲಿಸುತ್ತದೆ ಎಂಬುದೂ ಭಾಷಣಕಾರರ ಕಲ್ಪನೆ. ಮರಿ ಗೂಡಿನ ಅಂಚಿನಲ್ಲಿ ದಿನಗಟ್ಟಲೆ ರೆಕ್ಕೆ ಬಡಿಯುತ್ತದೆ, ಪಕ್ಕದ ಕೊಂಬೆಗೆ ಕುಪ್ಪಳಿಸುತ್ತದೆ, ಆಮೇಲೆ ಹಾರುತ್ತದೆ. ಹಾರಿದ ಮೇಲೂ ತಂದೆತಾಯಿ ವಾರಗಟ್ಟಲೆ ಆಹಾರ ಕೊಡುತ್ತವೆ.

ಹೀಗೆ ಹಾರಲು ಕಲಿಯುವಾಗ ಕೆಲವು ಮರಿಗಳು ನೆಲಕ್ಕೆ ಬೀಳುತ್ತವೆ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ಮಾತು ಸುಳ್ಳು. ಆದರೆ ಸುತ್ತ ಜನ ನೆರೆದು ಫೋನ್ ಹಿಡಿದು ನಿಂತರೆ ತಾಯಿ ಹಕ್ಕಿ ಕೆಳಗಿಳಿಯುವುದಿಲ್ಲ. ಗಾಯವಿಲ್ಲದ, ಗರಿ ಮೂಡಿದ ಮರಿಯಾದರೆ ನಾಯಿ ಬೆಕ್ಕುಗಳಿಗೆ ಎಟುಕದ ಕೊಂಬೆಯ ಮೇಲಿಟ್ಟು ದೂರ ಸರಿದರೆ ಸಾಕು. ರಕ್ತವೋ ದಾರವೋ ಕಂಡರೆ ನೀರು ಕುಡಿಸಲು ಹೋಗದೆ, ದಾರ ಎಳೆಯದೆ, ತೂತುಗಳಿರುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಲ್ಲಿಟ್ಟು ಗುಜರಾತಿನಲ್ಲಾದರೆ 1962ಕ್ಕೆ ಕರೆ ಮಾಡಬೇಕು. ಪ್ರಾಣಿಗಳ ಆ್ಯಂಬುಲೆನ್ಸ್ ಸೇವೆಯ ಸಂಖ್ಯೆ ಅದು. ಪ್ರತಿ ಜನವರಿಯಲ್ಲಿ ಉತ್ತರಾಯಣದ ಆಸುಪಾಸು ನಡೆಯುವ ಸರ್ಕಾರದ ಕರುಣಾ ಅಭಿಯಾನದಲ್ಲಿ ಪಶುವೈದ್ಯರು, ಸ್ವಯಂಸೇವಕರು ಗಾಯಗೊಂಡ ಹಕ್ಕಿಗಳಿಗಾಗಿಯೇ ಸಜ್ಜಾಗಿರುತ್ತಾರೆ.